ಗುಡಿಸಿದ ಧೂಳು ಎಲ್ಲಿಗೆ ಹೋಗುತ್ತೆ?

ತಿಪಟೂರಿನ ಕಡೆ ನಮ್ಮ ಹಳ್ಳಿ ಮನೆಯಲ್ಲಿ ಬೆಳಗಾಗುವುದೇ ಬಾಗಿಲಿಗೆ ನೀರು ಹಾಕುವ ಸದ್ದಿನಿಂದ. ಅಮ್ಮ ಬಕೆಟ್ಟಿಗೆ ಕೈ ಅದ್ದಿ ಅಂಗಳದ ತುಂಬ ನೀರು ಚಿಮುಕಿಸುತ್ತಾಳೆ. ಮಣ್ಣು ನೆನೆದ ಮೇಲೆ ಕಡ್ಡಿ ಪೊರಕೆ ಹಿಡಿದು ಗುಡಿಸುತ್ತಾಳೆ. ಒಂದು ಚೂರೂ ಧೂಳು ಏಳುವುದಿಲ್ಲ. ರಂಗೋಲಿ ಹಾಕಿ ಒಳಗೆ ಬಂದವಳು ಹುಲ್ಲು ಪೊರಕೆ ತೆಗೆದುಕೊಂಡು ನಡುಮನೆಯನ್ನು ಒಣಗಿದ್ದ ಹಾಗೇ ಬರಬರನೆ ಗುಡಿಸುತ್ತಾಳೆ. ಎರಡು ನಿಮಿಷಕ್ಕೆ ಸೀನು ಶುರು. ಸೆರಗು ಮೂಗಿಗೆ ಬರುತ್ತದೆ.

ಅಂಗಳದ ಧೂಳಿಗೆ ನೀರೇ ಮದ್ದು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಅದೇ ಧೂಳು ಹೊಸಿಲು ದಾಟಿ ಒಳಗೆ ಬಂದರೆ ಯಾಕೋ ಮದ್ದು ಮರೆತುಹೋಗುತ್ತದೆ. ಅಮ್ಮ ಒಬ್ಬಳ ಕಥೆಯಲ್ಲ ಇದು. ತುಮಕೂರಿನಲ್ಲಿ ನಾನಿರುವ ಬೀದಿಯ ಎಲ್ಲ ಮನೆಗಳಲ್ಲೂ ಇದೇ. ನೆಲ ಫಳಫಳ ಅನ್ನುತ್ತಿರುತ್ತದೆ, ಆದರೆ ಆ ನೆಲವನ್ನು ಹಾಗೆ ಮಾಡಲು ಹೋಗಿ ಕೆಡಿಸಿದ ಗಾಳಿಯನ್ನು ಮನೆಯವರು ಮಧ್ಯಾಹ್ನದವರೆಗೂ ಉಸಿರಾಡುತ್ತಿರುತ್ತಾರೆ.

ನಂಬಿಕೆ ಬರದಿದ್ದರೆ ಒಂದು ರಾತ್ರಿ ಹೀಗೆ ಮಾಡಿ ನೋಡಿ. ಲೈಟ್ ಆರಿಸಿ, ಮೊಬೈಲಿನ ಟಾರ್ಚನ್ನು ನೆಲದಿಂದ ಒಂದಡಿ ಮೇಲೆ ಅಡ್ಡಕ್ಕೆ ಹಿಡಿಯಿರಿ. ಇನ್ನೊಬ್ಬರು ನಾಲ್ಕು ಸಲ ಪೊರಕೆ ಎಳೆಯಲಿ. ನಾನು ಹೀಗೆ ಮಾಡಿದಾಗ ಟಾರ್ಚನ್ನು ಮೆಲ್ಲಗೆ ಮೇಲೆತ್ತುತ್ತಾ ಹೋದೆ. ಮೊಣಕಾಲು, ಸೊಂಟ, ಎದೆ. ಮುಖದ ಹತ್ತಿರ ಬಂದರೂ ಬೆಳಕಿನಲ್ಲಿ ಧೂಳು ಸುಳಿದಾಡುತ್ತಲೇ ಇತ್ತು. ಫ್ಯಾನ್ ಹಾಕಿದೆ ನೋಡಿ, ರೂಮಿನ ತುಂಬ ಜಾತ್ರೆ. ಹೀಗೆ ಕಣ್ಣಿಗೆ ಬಿದ್ದಿದ್ದು ದಪ್ಪ ಧೂಳು ಮಾತ್ರ.

ಸಣ್ಣ ಧೂಳಿನ ಲೆಕ್ಕವನ್ನು ಮೈಕ್ರಾನ್‌ನಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರ್‌ಗೆ 1000 ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ. 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳಿಗೆ ಪಿಎಂ 10 ಅನ್ನುತ್ತಾರೆ, 2.5 ಮತ್ತು ಅದಕ್ಕಿಂತ ಸಣ್ಣವಕ್ಕೆ ಪಿಎಂ 2.5. ಹತ್ತರ ಆಸುಪಾಸಿನವನ್ನು ಮೂಗು, ಗಂಟಲು ಬಹುಮಟ್ಟಿಗೆ ತಡೆಯುತ್ತವೆ. ಸೀನು, ಕಫ ಬರುವುದು ಅದಕ್ಕೇ. ಎರಡೂವರೆಯವು ಯಾರಿಗೂ ಹೇಳದೆ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದಕ್ಕೆ ಹಾಕಿದ ಮಿತಿ, ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ. ಹೊರಗಿನ ಗಾಳಿಗೆ ನಮ್ಮ ದೇಶದ ಮಿತಿ 40. ಮನೆಯೊಳಗಿನ ಗಾಳಿಯನ್ನು ಅಳೆಯಲು ಯಾರೂ ಬರುವುದಿಲ್ಲ ಬಿಡಿ.

ಈಗ ಕೆಳಗೆ ಕೂರುವ ಲೆಕ್ಕಕ್ಕೆ ಬನ್ನಿ, ನನಗೆ ಕಣ್ಣು ತೆರೆಸಿದ್ದು ಇದೇ. ಗಾಳಿ ಸ್ವಲ್ಪವೂ ಅಲುಗದ ರೂಮು ಅಂದುಕೊಳ್ಳಿ. ಐದಡಿ ಎತ್ತರದಿಂದ 10 ಮೈಕ್ರಾನ್ ಕಣವೊಂದು ನೆಲಕ್ಕೆ ಬರಲು ಸುಮಾರು ಎಂಟು ನಿಮಿಷ ಬೇಕು. 2.5 ಮೈಕ್ರಾನ್ ಕಣಕ್ಕೆ ಎರಡು ಗಂಟೆ. 1 ಮೈಕ್ರಾನ್ ಆದರೆ ಹೆಚ್ಚು ಕಡಿಮೆ ಅರ್ಧ ದಿನ. ಗಾಳಿ ಅಲುಗದ ಮನೆ ಎಲ್ಲಿದೆ ಹೇಳಿ? ಫ್ಯಾನ್ ತಿರುಗುತ್ತದೆ, ಮಕ್ಕಳು ಓಡಾಡುತ್ತವೆ. ಕೂರಲು ಹೋದದ್ದು ಮತ್ತೆ ಏಳುತ್ತದೆ. ಎಂಟು ಗಂಟೆಗೆ ಗುಡಿಸಿ, ಎಂಟೂಕಾಲಿಗೆ ಟಿವಿ ಮೇಲೆ ಒರೆಸಿ, "ಬೆಳಿಗ್ಗೆ ತಾನೇ ಒರೆಸಿದ್ದು, ಸಂಜೆಗೆ ಎಲ್ಲಿಂದ ಬಂತು ಇಷ್ಟು ಧೂಳು" ಅಂತ ಬೈದುಕೊಳ್ಳುತ್ತೇವಲ್ಲ, ಅದರಲ್ಲಿ ಒಂದು ಪಾಲು ನಾವೇ ಎಬ್ಬಿಸಿದ್ದು.

ಮನೆಯೊಳಗಿನ ಗಾಳಿಯನ್ನು ಕೆಡಿಸುವವು ಮೂರು ಥರ. ಎದ್ದ ಧೂಳು, ಹುಟ್ಟಿದ ಹೊಗೆ, ಹರಡಿದ ಆವಿ. ಮೂರಕ್ಕೂ ಮದ್ದು ಬೇರೆ ಬೇರೆ. ಧೂಳನ್ನು ಒದ್ದೆ ಮಾಡಿ ಹಿಡಿಯಬಹುದು. ಹೊಗೆಯನ್ನು ಹುಟ್ಟದ ಹಾಗೆ ನೋಡಿಕೊಳ್ಳಬೇಕು, ಹುಟ್ಟಿದರೆ ಹೊರಗೆ ಕಳಿಸಬೇಕು. ಆವಿಯ ವಿಷಯ ಸ್ವಲ್ಪ ವಿಚಿತ್ರ. ಅದನ್ನು ಎಷ್ಟೋ ಸಲ ಕ್ಲೀನಿಂಗ್ ಹೆಸರಿನಲ್ಲಿ ನಾವೇ ಬಾಟಲಿಯಲ್ಲಿ ಕೊಂಡು ತರುತ್ತೇವೆ.

ಮೊದಲು ಧೂಳು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಆಷಾಢದ ಗಾಳಿ ಎದ್ದರೆ ಶಿರಾ, ಪಾವಗಡದ ಕಡೆ ಕೆಮ್ಮಣ್ಣು ಕಿಟಕಿಯ ಸಂದಿನಲ್ಲಿ ಗೆರೆ ಎಳೆದ ಹಾಗೆ ಕೂರುತ್ತದೆ. ತುಮಕೂರು ಪೇಟೆಯಲ್ಲಿ ಹೆದ್ದಾರಿಯ ಧೂಳು, ಕಟ್ಟಡದ ಸಿಮೆಂಟು, ಅಗೆದ ರಸ್ತೆ. ನಮ್ಮ ತಿಪಟೂರು ಸೀಮೆಗೆ ಇನ್ನೊಂದು ವಿಶೇಷ ಇದೆ, ಕೊಬ್ಬರಿ ಅಟ್ಟ. ಉಂಡೆ ಕೊಬ್ಬರಿ ಮಾಡುವವರು ತೆಂಗಿನಕಾಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ, ಹತ್ತಿರ ಹತ್ತಿರ ಒಂದು ವರ್ಷ ಒಣಗಲು ಬಿಡುತ್ತಾರೆ. ನೀರು ಇಂಗಿ, ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಅಷ್ಟು ದಿನದಲ್ಲಿ ಮಟ್ಟೆಯ ಮೇಲೆ ಏನೆಲ್ಲ ಕೂತಿರುತ್ತದೆ ಅಂತ ಕಾಯಿ ಇಳಿಸುವ ದಿನ ಗೊತ್ತಾಗುತ್ತದೆ. ನಾರಿನ ಕಂದು ಪುಡಿ, ಇಲಿ ಹಿಕ್ಕೆ, ಬೂಷ್ಟು. ಅಟ್ಟದ ದಬ್ಬೆಗಳ ಸಂದಿನಿಂದ ಅದೆಲ್ಲ ಕೆಳಗೆ ಸುರಿಯುತ್ತದೆ. ನಮ್ಮ ಅಟ್ಟದ ಕೆಳಗೇ ಬಟ್ಟೆ ಬೀರು ಇತ್ತು. ಮಡಿಸಿಟ್ಟ ಬಟ್ಟೆ ತೆಗೆದರೂ ಸೀನು ಬರುತ್ತಿತ್ತು. ಕಾಯಿ ಸುಲಿಯುವ ವಾರವಿಡೀ ಅಪ್ಪನಿಗೆ ಕೆಮ್ಮು. "ಸೀಸನ್ ಕೆಮ್ಮು" ಅಂತಲೇ ಅದಕ್ಕೆ ಹೆಸರಿಟ್ಟಿದ್ದೆವು. ಈಗ ಅಟ್ಟದ ಅಡಿಗೆ ದಪ್ಪ ಟಾರ್ಪಾಲು ಬಿಗಿದಿದ್ದೇವೆ, ಸುಲಿಯುವುದನ್ನು ಹೊರಗೆ ಒಕ್ಕುವ ಕಣಕ್ಕೆ ಸಾಗಿಸಿದ್ದೇವೆ. ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ವಾರ ಇರುತ್ತಿದ್ದದ್ದು ಎರಡು ದಿನಕ್ಕೆ ಬಂದಿದೆ.

ಸೆರಗು, ಟವೆಲ್ಲು ಮೂಗಿಗೆ ಕಟ್ಟಿಕೊಂಡರೆ ದಪ್ಪ ಧೂಳು ನಿಲ್ಲುತ್ತದೆ, ಸಣ್ಣದು ನಿಲ್ಲುವುದಿಲ್ಲ. ಅಟ್ಟ ಇಳಿಸುವಾಗ, ಹಬ್ಬದ ಮುಂದೆ ಇಲ್ಲಣ ಹೊಡೆಯುವಾಗ ಎನ್95 ಮಾಸ್ಕ್ ಹಾಕಿಕೊಳ್ಳಿ. ಕೊರೋನಾ ಕಾಲದವು ಮನೆಯಲ್ಲಿ ಎಲ್ಲೋ ಬಿದ್ದಿರುತ್ತವೆ ಅಲ್ವಾ?

ಇನ್ನು ಗುಡಿಸುವ ಮಾತು. ಟೈಲ್ಸ್, ರೆಡ್ ಆಕ್ಸೈಡ್, ಸಿಮೆಂಟು ಯಾವ ನೆಲವಾದರೂ ಸರಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ನೇರವಾಗಿ ಒರೆಸಿದರೆ ಧೂಳು ಬಟ್ಟೆಗೆ ಅಂಟುತ್ತದೆ, ಏಳುವುದಿಲ್ಲ. ಕೂದಲು, ಕಸಕಡ್ಡಿ ಜಾಸ್ತಿ ಇದ್ದರೆ ಮೊದಲು ಗುಡಿಸಲೇಬೇಕಾಗುತ್ತದೆ. ಆಗ ಪೊರಕೆಯ ತುದಿಯನ್ನು ಸ್ವಲ್ಪ ಒದ್ದೆ ಮಾಡಿ, ನೆಲಕ್ಕೆ ಒತ್ತಿ, ನಿಧಾನಕ್ಕೆ ಎಳೆಯಿರಿ. ಎಳೆತದ ಕೊನೆಗೆ ಪೊರಕೆಯನ್ನು ಮೇಲಕ್ಕೆ ಚಿಮ್ಮಿಸುತ್ತೇವಲ್ಲ, ಧೂಳು ಏಳುವುದು ಅಲ್ಲೇ. ಹೊಸ ಹುಲ್ಲು ಪೊರಕೆಯಾದರೆ ಅದೇ ಒಂದು ಧೂಳಿನ ಕಾರ್ಖಾನೆ. ಒಳಗೆ ತರುವ ಮೊದಲು ಹೊರಗೆ ಕಲ್ಲಿಗೆ ಬಡಿದು ಹೊಟ್ಟು ಉದುರಿಸಿ.

ಇದನ್ನು ಅಮ್ಮನಿಗೆ ಹೇಳಿದಾಗ, "ದಿನಾ ನೆನೆಸಿದ್ರೆ ಪೊರಕೆ ಕೊಳೆಯುತ್ತೆ ಕಣೋ, ತಿಂಗಳಿಗೊಂದು ನೀನು ತಂದ್ಕೊಡ್ತೀಯಾ?" ಅಂದಳು. ಮಾತು ಸರಿಯಾಗೇ ಇತ್ತು. ಕೊನೆಗೆ ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಹೊಡೆಯುವ ಬಾಟಲಿಯನ್ನು ಕೊಟ್ಟೆ. ನೆಲಕ್ಕೆ ನಾಲ್ಕು ಸಲ ಪುಸ್ ಅನ್ನಿಸಿ ಗುಡಿಸುತ್ತಾಳೆ. ಪೊರಕೆಯೂ ಉಳಿಯಿತು, ಮೂಗೂ ಉಳಿಯಿತು.

ಒರೆಸುವ ನೀರಿನ ಬಗ್ಗೆ ಒಂದೇ ಮಾತು. ಅದೇ ಬಕೆಟ್ ಕೆಸರು ನೀರಿನಲ್ಲಿ ಮೂರು ರೂಮು ಒರೆಸಿದರೆ, ಒಣಗಿದ ಮೇಲೆ ಆ ಕೆಸರು ಮತ್ತೆ ಧೂಳೇ. ರೂಮಿಗೊಮ್ಮೆ ನೀರು ಬದಲಿಸಿ.

ವ್ಯಾಕ್ಯೂಮ್ ಕ್ಲೀನರ್ ಇಟ್ಟುಕೊಂಡವರು ಹೆಪಾ ಫಿಲ್ಟರ್ ಇದೆಯಾ ನೋಡಿ. ಅದು 0.3 ಮೈಕ್ರಾನ್ ಕಣಗಳಲ್ಲೂ ಶೇಕಡಾ 99.97ರಷ್ಟನ್ನು ಹಿಡಿಯುತ್ತದೆ. ಅದಿಲ್ಲದ ಅಗ್ಗದ ಮೆಷಿನ್ನು ಮುಂದಿನಿಂದ ದಪ್ಪ ಧೂಳು ಎಳೆದು ಹಿಂದಿನಿಂದ ಸಣ್ಣದನ್ನು ಊದಬಹುದು.

ಕೆಲಸ ಯಾವಾಗಲೂ ಮೇಲಿನಿಂದ ಕೆಳಕ್ಕೆ ಬರಬೇಕು. ಫ್ಯಾನು, ಬೀರುವಿನ ತಲೆ, ಕಿಟಕಿ, ಮೇಜು, ಕೊನೆಗೆ ನೆಲ. ಫ್ಯಾನಿಗೆ ಹಳೇ ದಿಂಬಿನ ಕವರ್ ಒದ್ದೆ ಮಾಡಿ ರೆಕ್ಕೆಗೆ ಪೂರ್ತಿ ತೊಡಿಸಿ, ಮೇಲಿನಿಂದ ಒತ್ತಿ ಹಿಡಿದು ಎಳೆಯಿರಿ. ಧೂಳೆಲ್ಲ ಚೀಲದೊಳಗೇ ಬೀಳುತ್ತದೆ, ಮುಖದ ಮೇಲಲ್ಲ. ಸ್ಟೂಲು ಗಟ್ಟಿ ಇರಲಿ, ಸ್ವಿಚ್ ಆಫ್ ಇರಲಿ. ಗೋಡೆಯ ಹಳೇ ಬಣ್ಣ ಚಕ್ಕೆ ಏಳುತ್ತಿದ್ದರೆ ಒಣ ಪೊರಕೆಯಲ್ಲಿ ಕೆರೆಯಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನುವ ನಿಯಮ ಬಂದದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಂತೂ ಒದ್ದೆ ಬಟ್ಟೆಯೇ ಸರಿ.

ಹಾಸಿಗೆ ಮರೆಯಬೇಡಿ. ಅದರಲ್ಲಿ ಧೂಳು ನುಸಿ ಅನ್ನುವ ಜೀವ ಇರುತ್ತದೆ. ತಿಗಣೆ ಅಲ್ಲ ಇದು, ಕಚ್ಚುವುದಿಲ್ಲ. ಮಿಲಿಮೀಟರಿನ ಕಾಲು ಭಾಗ ಇರುವ ಈ ಜೀವಿ ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಅಲರ್ಜಿ, ಉಬ್ಬಸ ಕೆರಳಿಸುವುದು ಮುಖ್ಯವಾಗಿ ಇದರ ಹಿಕ್ಕೆ. ಇದಕ್ಕೆ ನೀರು ಕುಡಿಯಲು ಬರುವುದಿಲ್ಲ, ಗಾಳಿಯ ತೇವವನ್ನು ಹೀರಿಕೊಂಡೇ ಜೀವ ಹಿಡಿಯಬೇಕು. ತೇವ ಶೇಕಡಾ 50ಕ್ಕಿಂತ ಕೆಳಗಿಳಿದರೆ ಒಣಗಿ ಸಾಯುತ್ತದೆ. ಇಲ್ಲಿ ನಮ್ಮ ಬಯಲುಸೀಮೆಯ ಬಿಸಿಲು ಉಪಕಾರಕ್ಕೆ ಬರುತ್ತದೆ. ಶಿವರಾತ್ರಿ ಕಳೆದ ಮೇಲಿನ ಒಣ ಬಿಸಿಲಿಗೆ ಹಾಸಿಗೆ, ದಿಂಬು ಎರಡೂ ಮಗ್ಗುಲು ಕಾಯಿಸಿ. ಬಡಿಯುವುದಾದರೆ ಹೊರಗೆ ಬಡಿಯಿರಿ. ಮಹಡಿ ಮನೆಯವರು ಕೆಳಗಿನ ಮನೆಯವರ ಸಂಡಿಗೆ ಒಣಗುತ್ತಿದೆಯಾ ಅಂತ ಒಮ್ಮೆ ಬಗ್ಗಿ ನೋಡಿ, ನಮ್ಮ ಬೀದಿಯಲ್ಲಿ ಇದೇ ವಿಷಯಕ್ಕೆ ಎರಡು ಮನೆಗೆ ಮಾತಿಲ್ಲ. ಬೆಡ್‌ಶೀಟನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ, ಅಲರ್ಜಿ ತರುವ ಹಿಕ್ಕೆಯೂ ತೊಳೆದು ಹೋಗುತ್ತದೆ.

ಇನ್ನು ಬಾಟಲಿಗಳ ವಿಷಯ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಗೌರಿ ಹಬ್ಬದ ಹಿಂದಿನ ದಿನ ಬಾತ್‌ರೂಮಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುತ್ತಿದ್ದೆ. ಟೈಲ್ಸಿನ ಉಪ್ಪುನೀರಿನ ಕಲೆ ಹೋಗಲಿಲ್ಲ. ಸುಮ್ನೆ ಇರಲಾರದೆ ಅದರ ಮೇಲೇ ಆಸಿಡ್ ಸುರಿದೆ. ಬುಸ್ ಅಂತ ನೊರೆ ಎದ್ದಿತು. ಮರುಕ್ಷಣ ಎದೆಗೆ ಯಾರೋ ಕಾರದಪುಡಿ ತುಂಬಿದ ಹಾಗಾಯಿತು. ಕಣ್ಣು ಬಿಡಲಾಗಲಿಲ್ಲ. ತೆವಳಿಕೊಂಡೇ ಹೊರಗೆ ಬಂದೆ. ಮೂರು ದಿನ ಕೆಮ್ಮಿದೆ.

ಆದದ್ದು ಇಷ್ಟು. ಬ್ಲೀಚಿಂಗ್ ಪೌಡರಿಗೆ ಆಸಿಡ್ ತಾಗಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಈಪ್ರ ಬಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಎರಡೂವರೆ ಪಟ್ಟು ಭಾರ, ಹಾಗಾಗಿ ನೆಲದ ಹತ್ತಿರವೇ ಕೂರುತ್ತದೆ. ಕುಕ್ಕರಗಾಲಿನಲ್ಲಿ ಕೂತು ಉಜ್ಜುವವರ ಮೂಗು ಇರುವುದೂ ಅಲ್ಲೇ. ಬಾಟಲಿಯಲ್ಲಿ ಬರುವ ಬ್ಲೀಚ್ ಆದರೂ ಅಷ್ಟೇ. ಟಾಯ್ಲೆಟ್ ತೊಳೆಯುವ ಎಷ್ಟೋ ದ್ರವಗಳಲ್ಲಿ ಇರುವುದೂ ಆಸಿಡ್ಡೇ. ಅಮೋನಿಯಾ ಇರುವ ದ್ರವವನ್ನೂ ಬ್ಲೀಚಿಗೆ ಸೇರಿಸಬಾರದು, ಅಲ್ಲಿ ಬೇರೆ ವಿಷಗಾಳಿ ಹುಟ್ಟುತ್ತದೆ. ಒಂದು ದಿನಕ್ಕೆ ಒಂದೇ ಬಾಟಲಿ. ತಪ್ಪಿ ಬೆರೆತುಹೋದರೆ ನೀರು ಸುರಿಯಲು ನಿಲ್ಲದೆ ಮೊದಲು ಹೊರಗೆ ಬನ್ನಿ. ಉಸಿರು ಕಟ್ಟಿದ ಹಾಗಿದ್ದರೆ ಸೀದಾ ಆಸ್ಪತ್ರೆಗೆ ಹೋಗಿ. ಮನೆಕೆಲಸಕ್ಕೆ ಬರುವವರ ಕೈಗೆ ಎರಡೂ ಡಬ್ಬ ಕೊಟ್ಟು "ಚೆನ್ನಾಗಿ ಉಜ್ಜಮ್ಮ" ಅಂತ ಹೇಳಿ ಟಿವಿ ಮುಂದೆ ಕೂರುವವರಿಗೂ ಈ ಮಾತು.

ಬೆರೆಸದಿದ್ದರೂ ವರ್ಷಗಟ್ಟಲೆ ಉಸಿರಾಡಿದರೆ ಏನಾಗುತ್ತದೆ? ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸಂಶೋಧಕರು 6000ಕ್ಕೂ ಹೆಚ್ಚು ಜನರ ಉಸಿರಿನ ಶಕ್ತಿಯನ್ನು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಅಳೆದ ಲೆಕ್ಕವನ್ನು 2018ರಲ್ಲಿ ಪ್ರಕಟಿಸಿದರು. ಮನೆಯಲ್ಲೋ ಕೆಲಸದ ಜಾಗದಲ್ಲೋ ಕ್ಲೀನಿಂಗ್ ಮಾಡುವ ಹೆಂಗಸರ ಶ್ವಾಸಕೋಶ, ಮಾಡದವರಿಗಿಂತ ಬೇಗ ಸೊರಗಿತ್ತು. ಇದರ ಅರ್ಥ ಕ್ಲೀನ್ ಮಾಡಬೇಡಿ ಅಂತಲ್ಲ. ಸ್ಪ್ರೇ ಬಿಡಿ, ದ್ರವವನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ. ಸ್ಪ್ರೇಯ ಹನಿ ಗಾಜಿಗೆ ಬಿದ್ದಷ್ಟೇ ಸಲೀಸಾಗಿ ಮೂಗಿಗೂ ಹೋಗುತ್ತದೆ. ದಿನದ ನೆಲಕ್ಕೆ ಬರೀ ನೀರು, ಜಿಡ್ಡಿದ್ದರೆ ನಾಲ್ಕು ಹನಿ ಪಾತ್ರೆ ಸೋಪು ಸಾಕು. ಘಂ ಅನ್ನುವ ಫಿನೈಲು ಹಾಕಿದರೆ ಮನೆ ಜಾಸ್ತಿ ಶುದ್ಧವಾಯಿತು ಅನ್ನುವುದು ನಮ್ಮ ಮೂಗಿನ ಭ್ರಮೆ. ಪೈನ್, ನಿಂಬೆ ವಾಸನೆಗೆ ಹಾಕುವ ಟರ್ಪೀನ್ ಎಂಬ ರಾಸಾಯನಿಕಗಳು ಗಾಳಿಯಲ್ಲಿನ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಮತ್ತು ಅತಿ ಸಣ್ಣ ಕಣಗಳನ್ನು ಹುಟ್ಟಿಸುತ್ತವೆ. ಬೀರುವಿನಲ್ಲಿಡುವ ನಾಫ್ತಲೀನ್ ನುಸಿಗುಳಿಗೆಯೂ ಅಷ್ಟೇ, ಕರಗಿ ಹೋಗುವುದು ನಾವು ಉಸಿರಾಡುವ ಗಾಳಿಗೇ. ಎಳೆಮಗುವಿನ ಬಟ್ಟೆ, ಹೊದಿಕೆಗಳ ಜೊತೆ ಅದನ್ನು ಇಡಲೇಬೇಡಿ. ಹುಟ್ಟಿನಿಂದ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸುಗಳಲ್ಲಿ ನಾಫ್ತಲೀನ್ ಆವಿ ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತದೆ.

ಕೊನೆಗೆ ಹೊಗೆ. ಗುಡಿಸಿದಾಗ ಏಳುವುದು ಹೆಚ್ಚಾಗಿ ದಪ್ಪ ಕಣ, ಸುಟ್ಟಾಗ ಹುಟ್ಟುವುದು ಸಣ್ಣ ಕಣ. ಹಾಗಾಗಿ ಎಷ್ಟು ಒರೆಸಿದರೂ, ಒರೆಸಿದ ಮೇಲೆ ಕಿಟಕಿ ಹಾಕಿ ಸಾಂಬ್ರಾಣಿ ಹೊಗೆ ತುಂಬಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ದೇವರ ಮುಂದೆ ಊದುಬತ್ತಿ ಹಚ್ಚಬೇಡಿ ಅಂತ ನಮ್ಮಮ್ಮನಿಗೆ ಹೇಳುವ ಧೈರ್ಯ ನನಗಂತೂ ಇಲ್ಲ. ಆರು ಕಡ್ಡಿ ಬದಲು ಒಂದು, ಕಿಟಕಿ ತೆರೆದು, ಅಷ್ಟಕ್ಕೆ ಒಪ್ಪಂದವಾಗಿದೆ. ಸೊಳ್ಳೆ ಬತ್ತಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಚೀನಾ, ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಪಿಎಂ 2.5 ಬರುತ್ತದೆ ಎಂದು ಕಂಡಿತ್ತು. ಬಾಗಿಲು ಮುಚ್ಚಿದ ಮಲಗುವ ಕೋಣೆಯಲ್ಲಿ ಅದನ್ನು ಹಚ್ಚಿ ಮಗುವನ್ನು ಮಲಗಿಸುವುದಕ್ಕಿಂತ ಸೊಳ್ಳೆ ಪರದೆ ಕಟ್ಟಿ.

ಅಡುಗೆ ಹೊಗೆಯನ್ನು ಎಲ್ಲರೂ ಬಲ್ಲರು, ಒಗ್ಗರಣೆಗೆ ಮೆಣಸಿನಕಾಯಿ ಬಿದ್ದಾಗ ಇಡೀ ಮನೆ ಕೆಮ್ಮುತ್ತದೆ. 2018ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ವಿಜ್ಞಾನಿಗಳು ಒಂದು ಮನೆಯ ತುಂಬ ಉಪಕರಣ ಇಟ್ಟು ಅಡುಗೆ, ಕ್ಲೀನಿಂಗ್ ಎರಡನ್ನೂ ಮಾಡಿ ಅಳೆದರು. ಹಬ್ಬದಡುಗೆಯ ದಿನ ಒಳಗಿನ ಗಾಳಿ, ಮಾಲಿನ್ಯಕ್ಕೆ ಹೆಸರಾದ ದೊಡ್ಡ ನಗರಗಳ ಮಟ್ಟ ಮುಟ್ಟಿತ್ತು. ಎಕ್ಸಾಸ್ಟ್ ಫ್ಯಾನನ್ನು ಒಲೆ ಹಚ್ಚುವ ಮೊದಲೇ ಹಾಕಿ, ಆರಿಸಿದ ಮೇಲೂ ಹತ್ತು ಹದಿನೈದು ನಿಮಿಷ ಬಿಡಿ. ಅದರ ರೆಕ್ಕೆಯ ಜಿಡ್ಡು ತಿಂಗಳಿಗೊಮ್ಮೆ ತೆಗೆಯಿರಿ, ಜಿಡ್ಡು ಹಿಡಿದ ಫ್ಯಾನ್ ಸದ್ದು ಮಾಡುತ್ತದೆ, ಗಾಳಿ ಎಳೆಯುವುದಿಲ್ಲ. ಹಳ್ಳಿ ಕಡೆ ಅಡುಗೆಗೆ ಸಿಲಿಂಡರ್ ಬಂದರೂ ಬಚ್ಚಲ ಹಂಡೆಗೆ ಮಟ್ಟೆ, ಗರಿಯೇ ಗತಿ. ಆ ಒಲೆಯ ಬಾಯಿ ಮನೆಯ ಹೊರಗಡೆಗೆ ಇರಲಿ.

ಪೊರಕೆಗೂ ಬಟ್ಟೆಗೂ ಸಿಗದ, ಮೂಗಿಗೂ ತಿಳಿಯದ ಇನ್ನೊಂದಿದೆ, ಕಾರ್ಬನ್ ಮಾನಾಕ್ಸೈಡ್. ಸಣ್ಣ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಹಾಕಿಸಿ, ಚಳಿ ಅಂತ ಕಿಟಕಿ ಮುಚ್ಚಿ ಸ್ನಾನ ಮಾಡಿದರೆ ಜೀವಕ್ಕೇ ಅಪಾಯ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಇರುವುದಿಲ್ಲ. ಗೀಸರನ್ನು ಹೊರಗಡೆ ಕೂರಿಸಿ, ನೀರಿನ ಪೈಪು ಮಾತ್ರ ಒಳಗೆ ಬರಲಿ.

ಕಿಟಕಿ ಯಾವಾಗ ತೆಗೆಯಬೇಕು? ಗುಡಿಸುವಾಗ, ಒರೆಸುವಾಗ, ಅಡುಗೆ ಮಾಡುವಾಗ ತೆಗೆದೇ ಇರಲಿ, ಎದುರುಬದುರಿನ ಎರಡು ಕಿಟಕಿ ತೆರೆದರೆ ಇನ್ನೂ ಒಳ್ಳೆಯದು. ಮಾರ್ಗಶಿರ, ಪುಷ್ಯದ ಬೆಳಗಿನ ಜಾವ ಮಾತ್ರ ತಡೆಯಿರಿ. ಆ ಚಳಿಯಲ್ಲಿ ತರಗೆಲೆ, ಕಸ ಸುಟ್ಟ ಹೊಗೆ ಮೇಲೇಳದೆ ಬೀದಿಯಲ್ಲೇ ಮಲಗಿರುತ್ತದೆ. ಬಿಸಿಲು ಏರಿ, ಹೊಗೆ ಚದುರಿದ ಮೇಲೆ ತೆಗೆಯಿರಿ. ಹೆದ್ದಾರಿ ಪಕ್ಕದವರು ಸಂಜೆ ವಾಹನ ಜಾಸ್ತಿ ಇರುವ ಹೊತ್ತಿನಲ್ಲಿ ರಸ್ತೆ ಕಡೆಯದನ್ನು ಮುಚ್ಚಿ, ಹಿಂದಿನದನ್ನು ತೆರೆಯಿರಿ.

ಕಿಟಕಿ ತೆರೆಯಲು ಸೋಮಾರಿತನವಾಗಿ ಮನಿ ಪ್ಲಾಂಟ್ ತಂದಿಟ್ಟವರಲ್ಲಿ ನಾನೂ ಒಬ್ಬ. 1989ರಲ್ಲಿ ನಾಸಾದವರು ಮಾಡಿದ ಪ್ರಯೋಗದ ಹೆಸರು ಹೇಳಿ ನರ್ಸರಿಯವರು ಈಗಲೂ ಗಿಡ ಮಾರುತ್ತಾರೆ. ಆ ಪ್ರಯೋಗ ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ 2019ರಲ್ಲಿ ಲೆಕ್ಕ ಹಾಕಿದವರು, ಮನೆಯಲ್ಲಿ ಸಹಜವಾಗಿ ಗಾಳಿ ಆಡುವುದರಿಂದ ಸಿಗುವಷ್ಟು ಫಲ ಗಿಡಗಳಿಂದ ಸಿಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದರು. ನನ್ನ ನಡುಮನೆಯಲ್ಲಿರುವುದು ಮೂರು. ಚೆನ್ನಾಗಿವೆ, ಇರಲಿ. ಆಷಾಢದಲ್ಲಿ ಅವುಗಳ ಎಲೆ ಕೆಂಪಗಾಗುತ್ತವೆ, ಫ್ಯಾನ್ ಒರೆಸಿದ ಅದೇ ಒದ್ದೆ ದಿಂಬಿನ ಕವರನ್ನು ಜಾಲಿಸಿಕೊಂಡು ಅವನ್ನೂ ಒರೆಸುತ್ತೇನೆ.